1984ರ ಮನೆಗೆ ಹೊಸ ವೈರಿಂಗ್: ಅರ್ಥಿಂಗ್ ಬಗ್ಗೆ ಮೂವರು ಮೂರು ಥರ ಹೇಳುತ್ತಿದ್ದಾರೆ

ಹಳೇಮನೆ_ಮೈಸೂರು (ಶನಿವಾರ, ಬೆಳಿಗ್ಗೆ 9:10)

ನಮಸ್ಕಾರ ಎಲ್ಲರಿಗೂ. ಮೈಸೂರಿನಲ್ಲಿ ನಮ್ಮಪ್ಪ 1984ರಲ್ಲಿ ಕಟ್ಟಿಸಿದ ಮನೆ, 30×40 ಸೈಟು. ಮೇಲಿನ ಎರಡು ರೂಮು ಆಮೇಲೆ ಕಟ್ಟಿಸಿದ್ದು. ಕೆಳಗಿನ ವೈರಿಂಗ್ ಮಾತ್ರ ಅಂದಿನದೇ. ಮರದ ಪಟ್ಟಿ ಮೇಲೆ ಓಡಿರುವ ತಂತಿ, ಕಿಟ್‌ಕ್ಯಾಟ್ ಫ್ಯೂಸು, ನಡುಮನೆಯಲ್ಲಿ ಎರಡು ಪಿನ್ನಿನ ಸಾಕೆಟ್ಟು. ಅಡುಗೆಮನೆ ಮತ್ತು ಬಚ್ಚಲಿಗೆ ಮಾತ್ರ 15 ಆಂಪ್‌ನ ಮೂರು ಪಿನ್ ಪಾಯಿಂಟ್ ಇದೆ. ಈಗ ಎಸಿ, ಇಂಡಕ್ಷನ್ ಒಲೆ ಬರುತ್ತಿದೆ. ಅದಕ್ಕೇ ಪೂರ್ತಿ ಹೊಸದಾಗಿ ಮಾಡಿಸೋಣ ಅಂತ ಹೊರಟಿದ್ದೇನೆ.

ಮೂವರು ಎಲೆಕ್ಟ್ರಿಷಿಯನ್‌ಗಳನ್ನು ಕರೆಸಿದೆ. ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಅರ್ಥ್ ಬಗ್ಗೆ ಒಬ್ಬೊಬ್ಬರದು ಒಂದೊಂದು ಮಾತು. ಮೊದಲನೆಯವರು, "ಗೀಸರ್, ಎಸಿಗೆ ಮಾತ್ರ ಅರ್ಥ್ ಕೊಟ್ಟರೆ ಸಾಕು, ಲೈಟಿಗೆಲ್ಲ ಯಾಕೆ" ಅಂದರು. ಎರಡನೆಯವರು, "ಗುಂಡಿ ತೋಡುವುದೇ ಬೇಡ, ಸಾಕೆಟ್‌ನಲ್ಲೇ ನ್ಯೂಟ್ರಲ್‌ನಿಂದ ಅರ್ಥ್ ಪಿನ್ನಿಗೆ ಒಂದು ಲೂಪ್ ಹಾಕುತ್ತೇನೆ" ಅಂದರು. ಮೂರನೆಯವರು ತಾಮ್ರದ ಪ್ಲೇಟ್ ಹಾಕಿ ಗುಂಡಿ ಮಾಡಲು 28,000 ಕೇಳಿದರು. ಅದು ಹಾಕಿಬಿಟ್ಟರೆ ಬೇರೇನೂ ಬೇಡವಂತೆ. ಇಂಗ್ಲೆಂಡಿನಲ್ಲಿರುವ ಚಿಕ್ಕಪ್ಪನ ಮಗ ಬೇರೆ "ಬಾಂಡಿಂಗ್ ಮಾಡಿಸು" ಅನ್ನುತ್ತಾನೆ. ಆ ಪದವನ್ನು ಈ ಮೂವರೂ ಕೇಳಿಲ್ಲ.

ಯಾವುದು ನಿಜಕ್ಕೂ ಬೇಕು, ಯಾವುದು ಸುಮ್ನೆ ಖರ್ಚು? ತಿಳಿದವರು ಹೇಳಿ.

ಅಂದ ಹಾಗೆ, ಬಚ್ಚಲಿನ ನಲ್ಲಿ ಮುಟ್ಟಿದರೆ ಅಮ್ಮನಿಗೆ ಆಗಾಗ ಸಣ್ಣಗೆ ಜುಂ ಅನ್ನುತ್ತದಂತೆ. ನನಗೆ ಯಾವತ್ತೂ ಆಗಿಲ್ಲ.

ಕೇಳುಗ (9:24)

ಎರಡನೆಯವರನ್ನು ಗೇಟಿನಿಂದ ಒಳಗೆ ಬಿಡಬೇಡಿ.

ಧಾರವಾಡ_ಪೇಡೆ (9:41)

ಇದಕ್ಕೆ ಇಷ್ಟು ತಲೆ ಯಾಕ್ರೀ? ನಮ್ಮ ಕಡೆ ಎಲ್ಲರೂ ಮಾಡುವುದು ಒಂದೇ. ಆಳು ಉದ್ದದ ಗುಂಡಿ ತೋಡು, ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್ ಇಳಿಸು, ಇದ್ದಿಲು ಒಂದು ಪದರ, ಉಪ್ಪು ಒಂದು ಪದರ, ಮೇಲೆ ನೀರು. ನಮ್ಮದು ಎರೆ ಮಣ್ಣು, ಅರ್ಥ್ ಬಂಗಾರದಂತೆ ಬರುತ್ತದೆ. ತಾಮ್ರದ ಪ್ಲೇಟಿಗೆ 28,000 ಅಂದರೆ ನಿಮಗೆ ಟೋಪಿ ಹಾಕಲು ಬಂದಿದ್ದಾರೆ.

ನಿಧಾನ (10:05)

ನ್ಯೂಟ್ರಲ್ ಲೂಪ್ ಯಾಕೆ ಕೆಟ್ಟದ್ದು ಅಂತ ಒಂದು ಸಲ ಸರಿಯಾಗಿ ಹೇಳಿಬಿಡುತ್ತೇನೆ. ಪ್ರತಿ ಸಲ ಇದೇ ಪ್ರಶ್ನೆ ಬರುತ್ತದೆ. ಫೇಸ್ ಅಂದರೆ ಕರೆಂಟು ತರುವ ತಂತಿ, ನ್ಯೂಟ್ರಲ್ ಅಂದರೆ ಅದನ್ನು ವಾಪಸ್ ಒಯ್ಯುವ ತಂತಿ.

ಆ ಸಾಕೆಟ್‌ಗೆ ಫ್ರಿಜ್ ಹಾಕಿದ್ದೀರಿ ಅಂದುಕೊಳ್ಳಿ. ಅರ್ಥ್ ಪಿನ್ನು ನ್ಯೂಟ್ರಲ್‌ಗೆ ಸೇರಿದೆ, ಅಂದರೆ ಫ್ರಿಜ್‌ನ ತಗಡೂ ನ್ಯೂಟ್ರಲ್‌ಗೆ ಸೇರಿತು. ಎಲ್ಲ ಸರಿಯಿದ್ದಾಗ ಏನೂ ಗೊತ್ತಾಗುವುದಿಲ್ಲ. ಒಂದು ದಿನ ಆ ಸಾಕೆಟ್‌ಗೆ ಬರುವ ದಾರಿಯಲ್ಲಿ ನ್ಯೂಟ್ರಲ್ ಸಡಿಲವಾಯಿತು, ಅಥವಾ ಕಂಬದಲ್ಲೇ ಕಿತ್ತುಬಂತು. ಆಗ ಫೇಸ್ ಕರೆಂಟು ಫ್ರಿಜ್‌ನ ಮೋಟಾರ್ ಒಳಗಿಂದ ಹಾದು ನ್ಯೂಟ್ರಲ್ ತಂತಿಗೆ ಬಂದು ನಿಲ್ಲುತ್ತದೆ. ಮುಂದೆ ಹೋಗಲು ದಾರಿ ಇಲ್ಲ. ಲೂಪ್ ಮೂಲಕ ಫ್ರಿಜ್‌ನ ಬಾಗಿಲಿಗೆ ಬರುತ್ತದೆ. ಫ್ರಿಜ್ ಕೆಟ್ಟಿಲ್ಲ, ಫ್ಯೂಸ್ ಹೋಗಿಲ್ಲ, ಆದರೆ ಹಿಡಿಕೆಯಲ್ಲಿ 230 ವೋಲ್ಟ್. ಒಂದು ಸಡಿಲ ಸ್ಕ್ರೂ ಸಾಕು ಇದಕ್ಕೆ.

ಲೀಡ್ಸ್_ಕನ್ನಡಿಗ (10:32)

ಒಂದು ಅನುಮಾನ. ನಾನಿರುವ ಇಂಗ್ಲೆಂಡಿನಲ್ಲಿ ಬಹಳ ಮನೆಗಳಿಗೆ ನ್ಯೂಟ್ರಲ್ ಮತ್ತು ಅರ್ಥ್ ಮೀಟರ್ ಹತ್ತಿರ ಸೇರಿಯೇ ಬರುತ್ತದೆ. ಪಿಎಂಇ ಅನ್ನುತ್ತಾರೆ. ಅಲ್ಲಿ ಸರಿ, ಇಲ್ಲಿ ತಪ್ಪು ಹೇಗೆ?

ಮೀಟರ್_ಬೋರ್ಡ್ (10:58)

ನಾನು ವಿದ್ಯುತ್ ಇಲಾಖೆಯಲ್ಲಿದ್ದು ನಿವೃತ್ತನಾದವನು, ಹೇಳುತ್ತೇನೆ ಕೇಳಿ. ಲೀಡ್ಸ್ ಅವರೇ, ನಿಮ್ಮಲ್ಲಿ ಅದನ್ನು ಸೇರಿಸುವುದು ಸರಬರಾಜು ಕಂಪನಿ. ಮೀಟರಿಗಿಂತ ಮುಂಚೆ, ಒಂದೇ ಜಾಗದಲ್ಲಿ. ಆ ನ್ಯೂಟ್ರಲ್ಲನ್ನು ದಾರಿಯುದ್ದಕ್ಕೂ ಹಲವು ಕಡೆ ನೆಲಕ್ಕೆ ಇಳಿಸಿರುತ್ತಾರೆ. ಮೀಟರ್ ದಾಟಿದ ಮೇಲೆ ಒಳಗೆಲ್ಲೂ ಅವೆರಡು ಮುಟ್ಟಬಾರದು. ಇಲ್ಲಿ ಆ ಮಹಾನುಭಾವರು ಮಾಡಲು ಹೊರಟಿರುವುದು ಸಾಕೆಟ್‌ನಲ್ಲಿ. ಎರಡಕ್ಕೂ ಅಜಗಜಾಂತರ.

ನಮ್ಮಲ್ಲಿ ಕಂಬದಿಂದ ಮನೆಗೆ ಬರುವುದು ಎರಡೇ ತಂತಿ, ಫೇಸ್ ಮತ್ತು ನ್ಯೂಟ್ರಲ್. ಅರ್ಥ್ ಮನೆಯವರದ್ದು. ಇದಕ್ಕೆ ಟಿಟಿ ಪದ್ಧತಿ ಅನ್ನುತ್ತಾರೆ. ನಿಯಮದ ಪುಸ್ತಕದಲ್ಲಿ ಸರಬರಾಜುದಾರರು ಗ್ರಾಹಕರ ಜಾಗದಲ್ಲಿ ಅರ್ಥ್ ಟರ್ಮಿನಲ್ ಕೊಡಬೇಕು ಅಂತ ಇದೆ. ಆದರೆ ನಾನು ಸರ್ವೀಸಿನಲ್ಲಿ ಓಡಾಡಿದ ಓಣಿಗಳಲ್ಲಿ ಅದನ್ನು ನೆಚ್ಚಿಕೊಂಡು ಕೂತ ಮನೆ ನೋಡಿಲ್ಲ.

ಲೀಡ್ಸ್_ಕನ್ನಡಿಗ (11:03)

ಸರಿ ಸರ್, ಗೊತ್ತಾಯಿತು. ಧನ್ಯವಾದ.

ಧಾರವಾಡ_ಪೇಡೆ (11:10)

ಪುಸ್ತಕದಾಗಿನ ಬದನೆಕಾಯಿ ಪಲ್ಯಕ್ಕೆ ಬರೂದಿಲ್ಲ ಅಂತಾರಲ್ಲ, ಹಾಗೆ.

ಬಚ್ಚಲೊಲೆ (11:26)

ಎಲ್ಲರೂ ನ್ಯೂಟ್ರಲ್ ಜಗಳದಲ್ಲಿ ಮುಳುಗಿದ್ದೀರಿ. ಅವರ ಕೊನೆಯ ಸಾಲು ಯಾರಾದರೂ ಓದಿದಿರಾ? ಅಮ್ಮನಿಗೆ ನಲ್ಲಿ ಮುಟ್ಟಿದರೆ ಜುಂ ಅನ್ನುತ್ತಿದೆ!

ಮೈಸೂರಿನವರೇ, ಮೊದಲು ಎದ್ದು ಹೋಗಿ ಗೀಸರ್ ಸ್ವಿಚ್ ಆಫ್ ಮಾಡಿ. ಪ್ಲಗ್ ಇದ್ದರೆ ಕಿತ್ತೇಬಿಡಿ. ನೀರು ಹಂಡೆಯಲ್ಲಿ ಕಾಯಲಿ. ಎಸಿ, ಇಂಡಕ್ಷನ್ ಎಲ್ಲ ಆಮೇಲೆ. ನಿಮಗೆ ಆಗದಿರುವುದಕ್ಕೆ ಕಾರಣ ಬಚ್ಚಲಿಗೆ ಚಪ್ಪಲಿ ಹಾಕಿಕೊಂಡು ಹೋಗುತ್ತಿರುವುದು ಅಂತ ನನ್ನ ಊಹೆ. ಅಮ್ಮ ಬರಿಗಾಲಿನಲ್ಲಿ ಹೋಗುತ್ತಾರೆ, ಅಲ್ವಾ?

ಹಳೇಮನೆ_ಮೈಸೂರು (11:31)

ಗೀಸರ್ ಆಫ್ ಮಾಡಿದೆ, ಪ್ಲಗ್ ತೆಗೆದೆ. ಚಪ್ಪಲಿ ವಿಷಯ ನಿಜ. ಹೇಗೆ ಗೊತ್ತಾಯಿತು?

ಬಚ್ಚಲೊಲೆ (11:33)

ನಮ್ಮ ಮನೆಯಲ್ಲೂ ಗಂಡಸರಿಗೆ ಹಾಗೇ, ಏನೂ ಗೊತ್ತಾಗುತ್ತಿರಲಿಲ್ಲ.

ತಂತಿಪುರಾಣ (12:15)

ಈಗಷ್ಟೇ ಸೈಟಿನಿಂದ ಬಂದೆ. ನಾನು ಲೈಸೆನ್ಸ್ ಇರುವ ಗುತ್ತಿಗೆದಾರ, ಹಳೇ ಮನೆಗಳ ವೈರಿಂಗ್ ಬಹಳ ಮಾಡಿದ್ದೇನೆ. ಬಚ್ಚಲೊಲೆ ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ.

ನೀವೇ ಬೋರ್ಡ್ ಬಿಚ್ಚಲು ಹೋಗಬೇಡಿ. ಕಣ್ಣಿನಲ್ಲಿ ನೋಡುವ ಕೆಲಸ ಮಾತ್ರ ಮಾಡಿ. ಮೀಟರ್ ಬೋರ್ಡಿನಿಂದ ಬರಿ ತಾಮ್ರದ್ದೋ ಕಬ್ಬಿಣದ್ದೋ ಒಂದು ತಂತಿ ಹೊರಗೆ ಹೋಗಿರುತ್ತದೆ, ಅದೇ ಅರ್ಥ್ ತಂತಿ. ಅದು ಎಲ್ಲಿಗೆ ಹೋಗಿ ಮುಗಿಯುತ್ತದೆ, ಮುಟ್ಟದೆ ನೋಡಿ ಬಂದು ಹೇಳಿ. ಗುಂಡಿ ಕಾಣುತ್ತದಾ? ಇನ್ನೊಂದು, ನೀರಿನ ಪೈಪು ಜಿಐನಾ, ಪ್ಲಾಸ್ಟಿಕ್ಕಾ?

ಹಳೇಮನೆ_ಮೈಸೂರು (1:40)

ನೋಡಿ ಬಂದೆ. ಗುಂಡಿ ಎಲ್ಲೂ ಇಲ್ಲ! ತಂತಿ ಕಿಟಕಿ ಸಂದಿಯಿಂದ ಹೊರಗೆ ಹೋಗಿ ಹಿತ್ತಲಿನ ನೀರಿನ ಪೈಪಿಗೆ ನಾಲ್ಕು ಸುತ್ತು ಸುತ್ತಿದೆ, ಅಷ್ಟೇ. ಮೇಲೆ ಸುಣ್ಣ ಬಳಿದುಬಿಟ್ಟಿದ್ದಾರೆ. ಮನೆಯೊಳಗಿನ ಪೈಪೆಲ್ಲ ಹಳೇ ಜಿಐ. ಆದರೆ ಹೋದ ವರ್ಷ ಸಂಪ್ ರಿಪೇರಿ ಮಾಡಿಸಿದಾಗ ಪ್ಲಂಬರ್ ರಸ್ತೆಯಿಂದ ಹಿತ್ತಲಿನವರೆಗೆ ನೆಲದೊಳಗಿನ ಪೈಪನ್ನೆಲ್ಲ ತೆಗೆದು ಪ್ಲಾಸ್ಟಿಕ್ ಹಾಕಿದರು. ತುಕ್ಕು ಹಿಡಿದಿತ್ತು ಅಂತ.

ಅಮ್ಮನನ್ನು ಕೇಳಿದೆ. ಜುಂ ಅನ್ನಲು ಶುರುವಾಗಿದ್ದು ಹೋದ ವರ್ಷವೇ ಅಂತೆ. "ನೀನು ನಂಬಲ್ಲ ಅಂತ ಹೇಳಲಿಲ್ಲ" ಅಂದರು.

ತಂತಿಪುರಾಣ (2:05)

ಸಿಕ್ಕಿತು ನೋಡಿ.

ಆ ಕಾಲದಲ್ಲಿ ನೀರಿನ ಪೈಪಿಗೆ ಅರ್ಥ್ ಕೊಡುವುದು ರೂಢಿ. ರಸ್ತೆಯವರೆಗೆ ಕಬ್ಬಿಣದ ಪೈಪು ಮಣ್ಣಲ್ಲೇ ಮಲಗಿರುತ್ತಿತ್ತು, ಕೆಲಸ ನಡೆಯುತ್ತಿತ್ತು. ಪ್ಲಂಬರ್ ಆ ಪೈಪ್ ತೆಗೆದ ದಿನವೇ ನಿಮ್ಮ ಮನೆಯ ಅರ್ಥ್ ಹೋಯಿತು. ಅವರದ್ದು ತಪ್ಪಲ್ಲ, ಅವರಿಗೆ ಗೊತ್ತಿರಲಿಲ್ಲ. ನಿಮಗೂ ಗೊತ್ತಿರಲಿಲ್ಲ.

ಈಗ ಇರುವ ಪರಿಸ್ಥಿತಿ ಇದು. ಗೀಸರ್‌ನ ಮೈ, ಅಡುಗೆಮನೆ ಸಾಕೆಟ್‌ನ ಅರ್ಥ್ ಪಿನ್ನು, ಮನೆಯ ಎಲ್ಲ ನಲ್ಲಿಗಳು ಒಂದೇ ತಂತಿಗೆ ಸೇರಿವೆ. ಆದರೆ ಆ ತಂತಿ ನೆಲಕ್ಕೆ ಸೇರಿಲ್ಲ. ಗೀಸರ್ ಕಾಯಿಲ್ ಸ್ವಲ್ಪ ಸೋರಿದರೂ ಆ ಕರೆಂಟು ಮನೆಯ ನಲ್ಲಿಗಳಿಗೆಲ್ಲ ಹಂಚಿಕೆಯಾಗುತ್ತದೆ. ಒದ್ದೆ ನೆಲದ ಮೇಲೆ ಬರಿಗಾಲಿನಲ್ಲಿ ನಿಂತು ನಲ್ಲಿ ಮುಟ್ಟಿದವರೇ ಅರ್ಥ್ ಗುಂಡಿ.

ನಿಮ್ಮ ಚಿಕ್ಕಪ್ಪನ ಮಗ ಬಾಂಡಿಂಗ್ ಅಂದರಲ್ಲ, ಅಂದರೆ ಲೋಹವನ್ನೆಲ್ಲ ಒಂದಕ್ಕೊಂದು ತಂತಿಯಿಂದ ಸೇರಿಸುವುದು. ನಿಮ್ಮ ಮನೆಯಲ್ಲಿ ಬಾಂಡಿಂಗ್ ಇದೆ, ಅರ್ಥಿಂಗ್ ಇಲ್ಲ. ಗೀಸರ್ ಸೋರಿದರೆ ಅದನ್ನು ಮುಟ್ಟಿದವರಿಗೆ ಮಾತ್ರ ಅಲ್ಲ, ಈಗ ಅಡುಗೆಮನೆಯ ನಲ್ಲಿಯಲ್ಲೂ ಹೊಡೆಯಬಹುದು.

ಕೇಳುಗ (2:09)

ಅರ್ಥವಿಲ್ಲದ ಮನೆ.

ಧಾರವಾಡ_ಪೇಡೆ (2:12)

ಹಹ್ಹಹ್ಹಾ. ಅನರ್ಥದ ಮನೆ ಅನ್ರಿ.

ಕರಾವಳಿ_ಮುರಕಲ್ಲು (2:50)

ನಗುವ ವಿಷಯ ಅಲ್ಲ ಮಾರಾಯ್ರೆ. ನಮ್ಮ ಊರಿನಲ್ಲಿ ಬಟ್ಟೆ ಒಣಗಿಸುವ ಕಬ್ಬಿಣದ ತಂತಿಯನ್ನು ಸರ್ವೀಸ್ ವೈರಿನ ಆಸರೆ ಕಂಬಿಗೆ ಕಟ್ಟಿದ್ದರು. ಮೇಲಿನ ವೈರಿನ ಸಿಪ್ಪೆ ಉಜ್ಜಿ ಹೋಗಿತ್ತು. ಮಳೆಗಾಲದಲ್ಲಿ ಆ ಮನೆಯ ದನ ತಂತಿಗೆ ತಾಗಿ ಬಿದ್ದದ್ದರಿಂದ ಗೊತ್ತಾಯಿತು. ಐದು ನಿಮಿಷ ತಡವಾಗಿದ್ದರೆ ಮನೆಯವರೇ ಬಟ್ಟೆ ತೆಗೆಯಲು ಹೋಗುತ್ತಿದ್ದರು. ಪ್ಲಾಸ್ಟಿಕ್ ಹಗ್ಗ ಕಟ್ಟಿ, ಎಷ್ಟು ರೂಪಾಯಿ ಆಗುತ್ತದೆ ಅದಕ್ಕೆ.

ಧಾರವಾಡ_ಪೇಡೆ (3:15)

ಸರಿ, ವಿಷಯಕ್ಕೆ ಬರೋಣ. ಒಂದು ಒಳ್ಳೆಯ ಗುಂಡಿ, ಕರೆಂಟು ಮಿತಿ ಮೀರಿದರೆ ತಾನೇ ಬೀಳುವ ಒಂದು ಒಳ್ಳೆಯ ಎಂಸಿಬಿ ಸ್ವಿಚ್ಚು. ಗೀಸರ್ ಸೋರಿದರೆ ಅರ್ಥ್‌ಗೆ ಜಗ್ಗುತ್ತದೆ, ಎಂಸಿಬಿ ಬೀಳುತ್ತದೆ. ಮುಗಿಯಿತು. ನೀವೆಲ್ಲ ಈಗ ಸೋರಿಕೆ ಹಿಡಿಯುವ ಪೆಟ್ಟಿಗೆ, ಆರ್‌ಸಿಸಿಬಿ ಅಂತ ಶುರು ಮಾಡುತ್ತೀರಿ, ಗೊತ್ತು ನನಗೆ. ನಮ್ಮ ಮನೆಯಲ್ಲಿ ಹಾಕಿಸಿದ್ದೆ. ಗುಡುಗಿದರೆ ಬೀಳುತ್ತದೆ, ಮಿಕ್ಸಿ ಹಾಕಿದರೆ ಬೀಳುತ್ತದೆ. ತೆಗೆಸಿಬಿಟ್ಟೆ.

ನಿಧಾನ (3:48)

ಇಲ್ಲೇ ಎಲ್ಲರೂ ಎಡವುವುದು. ಲೆಕ್ಕ ಹಾಕೋಣ.

ನಿಮ್ಮ ಗುಂಡಿ ಬಹಳ ಚೆನ್ನಾಗಿದೆ, ಕರೆಂಟಿಗೆ ಅದರ ತಡೆ ಬರೀ 5 ಓಮ್ ಅಂದುಕೊಳ್ಳೋಣ. ಟ್ರಾನ್ಸ್‌ಫಾರ್ಮರ್ ಕಡೆಯ ಅರ್ಥ್ 1 ಓಮ್. ಗೀಸರ್ ಒಳಗೆ ಫೇಸ್ ನೇರವಾಗಿ ಮೈಗೆ ತಾಗಿತು. ಕರೆಂಟು ಹೋಗಿ ಬರಬೇಕಾದ ದಾರಿ ಮಣ್ಣಿನ ಮೂಲಕ, ಒಟ್ಟು 6 ಓಮ್. 230ನ್ನು 6ರಿಂದ ಭಾಗಿಸಿ: ಸುಮಾರು 38 ಆಂಪ್. ಗೀಸರ್‌ಗೆ 16 ಆಂಪ್‌ನ ಸಿ ಟೈಪ್ ಎಂಸಿಬಿ ಇದೆ. ಅದು ತಕ್ಷಣ ಬೀಳಬೇಕಾದರೆ ಐದರಿಂದ ಹತ್ತು ಪಟ್ಟು ಕರೆಂಟು ಬೇಕು, ಅಂದರೆ 80ರಿಂದ 160 ಆಂಪ್. 38 ಆಂಪ್‌ಗೆ ಅದು ಬಿಸಿಯಾಗಿ, ಯೋಚನೆ ಮಾಡಿ, ಒಂದು ನಿಮಿಷದ ಹತ್ತಿರ ಎಳೆಯಬಹುದು. ಹಳೇ ಮನೆಗಳಂತೆ 32 ಆಂಪ್‌ನ ಮೇನ್ ಒಂದೇ ಇದ್ದರೆ ಬೀಳುತ್ತದೆ ಅಂತಲೇ ಹೇಳುವಂತಿಲ್ಲ.

ಅಷ್ಟು ಹೊತ್ತು ಗೀಸರ್ ಮೈಮೇಲೆ ಎಷ್ಟು ವೋಲ್ಟ್? 38 ಆಂಪ್ ಗುಣಿಸು 5 ಓಮ್, 190 ವೋಲ್ಟ್. ಬಂಗಾರದಂಥ ಅರ್ಥ್ ಇದ್ದೂ 190 ವೋಲ್ಟ್!

ಅದಕ್ಕೇ ಟಿಟಿ ಪದ್ಧತಿಯಲ್ಲಿ ಆರ್‌ಸಿಸಿಬಿ ಆಡಂಬರ ಅಲ್ಲ. ಅದು ಫೇಸ್‌ನಲ್ಲಿ ಹೋದ ಕರೆಂಟೂ ನ್ಯೂಟ್ರಲ್‌ನಲ್ಲಿ ಬಂದ ಕರೆಂಟೂ ಸಮ ಇದೆಯಾ ಅಂತ ನೋಡುತ್ತದೆ. 30 ಮಿಲಿಆಂಪ್ ವ್ಯತ್ಯಾಸ ಬಂದರೆ ಸೆಕೆಂಡಿನ ಮೂರನೇ ಒಂದು ಭಾಗದೊಳಗೆ ಕಡಿದುಹಾಕುತ್ತದೆ. ಇದಕ್ಕೆ 5 ಓಮ್ ಬೇಕೇ ಬೇಕು ಅಂತಲೂ ಇಲ್ಲ. ಮುಟ್ಟಿದರೆ ಸಹಿಸಬಹುದಾದ ಮಿತಿ ಅಂತ ಹಿಡಿಯುವ 50 ವೋಲ್ಟನ್ನು 0.03 ಆಂಪ್‌ನಿಂದ ಭಾಗಿಸಿದರೆ 1,667 ಓಮ್. ಅಷ್ಟು ಕೆಟ್ಟ ಅರ್ಥ್ ಇದ್ದರೂ ಲೆಕ್ಕದ ಪ್ರಕಾರ ಅದು ಬೀಳುತ್ತದೆ. ಹಾಗಂತ ಗುಂಡಿ ಕೆಟ್ಟದಾಗಿ ಮಾಡಿ ಅಂತ ಅಲ್ಲ, ಒಣಗಿದ ಬೇಸಿಗೆಯಲ್ಲೂ ಕೈ ಕೊಡದಿರಲಿ ಅಂತ.

ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮದಲ್ಲೂ 2 ಕಿಲೋವ್ಯಾಟ್ ಮೀರಿದ ಲೋಡ್‌ಗೆ ಇದು ಕಡ್ಡಾಯ, ಮನೆಗಳಿಗೆ 30 ಮಿಲಿಆಂಪ್. ಎಸಿ, ಗೀಸರ್ ಇರುವ ಯಾವ ಮನೆಯೂ ಇದರಿಂದ ಹೊರಗಿಲ್ಲ.

ಕರಾವಳಿ_ಮುರಕಲ್ಲು (4:02)

ಇದು ನಮ್ಮ ಕಡೆಯವರಿಗೆ ಬಹಳ ಮುಖ್ಯ. ಮುರಕಲ್ಲಿನ ಗುಡ್ಡದ ಮೇಲೆ ಮನೆ. ಎರಡು ಗುಂಡಿ ಮಾಡಿಸಿದರೂ ಮಾರ್ಚ್‌ನಲ್ಲಿ ಅಳೆದಾಗ 40 ಓಮ್‌ಗಿಂತ ಕೆಳಗೆ ಬರಲಿಲ್ಲ. ಆರ್‌ಸಿಸಿಬಿ ಇಲ್ಲದಿದ್ದರೆ ನಮಗೆ ದೇವರೇ ಗತಿ.

ಧಾರವಾಡ_ಪೇಡೆ (4:10)

190 ವೋಲ್ಟ್ ಲೆಕ್ಕ ಎರಡು ಸಲ ಹಾಕಿ ನೋಡಿದೆ. ಸರಿಯಿದೆ ಅನಿಸುತ್ತದೆ. ಆದರೆ ಗುಡುಗಿದಾಗಲೆಲ್ಲ ಬೀಳುವ ಪೆಟ್ಟಿಗೆ ಇಟ್ಟುಕೊಂಡು ಏನು ಮಾಡಲಿ?

ತಂತಿಪುರಾಣ (4:35)

ಪೇಡೆಯವರೇ, ಮಿಕ್ಸಿ ಹಾಕಿದರೆ ಬೀಳುತ್ತದೆ ಅಂದರೆ ಮಿಕ್ಸಿ ಸೋರುತ್ತಿರಬಹುದು, ಇಲ್ಲಾ ಎಲ್ಲೋ ನ್ಯೂಟ್ರಲ್ ಬೆರಕೆಯಾಗಿದೆ. ಯುಪಿಎಸ್ ಇದೆಯಾ ಮನೆಯಲ್ಲಿ? ಯುಪಿಎಸ್ ಹಾಕುವವರು ಅದರ ನ್ಯೂಟ್ರಲ್ಲನ್ನು ಸಿಕ್ಕ ಕಡೆ ಸೇರಿಸಿ ಹೋಗಿರುತ್ತಾರೆ. ಒಂದು ಕಡೆಯಿಂದ ಹೋದ ಕರೆಂಟು ಇನ್ನೊಂದು ಕಡೆಯಿಂದ ವಾಪಸ್ ಬರುತ್ತದೆ, ಆರ್‌ಸಿಸಿಬಿ ಲೆಕ್ಕ ತಪ್ಪಿತು ಅಂತ ಬೀಳುತ್ತದೆ. ಪೆಟ್ಟಿಗೆ ನಿಮಗೆ ಸತ್ಯ ಹೇಳುತ್ತಿತ್ತು. ನೀವು ಅದನ್ನೇ ಮನೆಯಿಂದ ಹೊರಗೆ ಹಾಕಿದಿರಿ.

ಅದರ ಮೇಲೆ ಟಿ ಅಂತ ಬಟನ್ ಇರುತ್ತದೆ. ತಿಂಗಳಿಗೊಮ್ಮೆ ಒತ್ತಿ. ಬೀಳಬೇಕು. ಬೀಳದಿದ್ದರೆ ಅದು ಬರೀ ಗೋಡೆಯ ಅಲಂಕಾರ. ಮತ್ತೆ ಇದೊಂದೇ ಸಾಕು ಅಂತಲೂ ಅಲ್ಲ. ಓವರ್‌ಲೋಡ್ ಇದಕ್ಕೆ ತಿಳಿಯುವುದಿಲ್ಲ, ಅದಕ್ಕೆ ಎಂಸಿಬಿಯೇ ಬೇಕು. ಒಂದು ಕೈಯಲ್ಲಿ ಫೇಸ್, ಇನ್ನೊಂದು ಕೈಯಲ್ಲಿ ನ್ಯೂಟ್ರಲ್ ಹಿಡಿದವರನ್ನೂ ಇದು ಕಾಪಾಡುವುದಿಲ್ಲ.

ಮೈಸೂರಿನವರಿಗೆ: ಇನ್ವರ್ಟರ್ ಎಸಿ, ಇಂಡಕ್ಷನ್, ವಾಷಿಂಗ್ ಮೆಷಿನ್ ಎಲ್ಲ ಇರುವುದರಿಂದ ಎಸಿ ಟೈಪ್ (ಇದು ಆರ್‌ಸಿಸಿಬಿಯ ಒಂದು ಬಗೆ, ತಂಪು ಮಾಡುವ ಎಸಿ ಅಲ್ಲ) ಬದಲು ಎ ಟೈಪ್ ಆರ್‌ಸಿಸಿಬಿ ಕೇಳಿ ಹಾಕಿಸಿ. ಎಲೆಕ್ಟ್ರಾನಿಕ್ ಸರ್ಕ್ಯೂಟ್ ಇರುವ ಸಾಮಾನಿನ ಸೋರಿಕೆಯನ್ನು ಎಸಿ ಟೈಪ್ ಗುರುತಿಸದೇ ಹೋಗಬಹುದು. ಕೆಳಗಿನ ಮನೆಗೊಂದು, ಮೇಲಿಗೊಂದು ಬೇರೆ ಬೇರೆ ಹಾಕಿದರೆ ಒಂದು ಬಿದ್ದಾಗ ಮನೆಯೆಲ್ಲ ಕತ್ತಲಾಗುವುದಿಲ್ಲ.

ಬಚ್ಚಲೊಲೆ (5:20)

ಗೀಸರ್ ಅಂದಾಗ ನೆನಪಾಯಿತು. ಗೃಹಜ್ಯೋತಿ ಬಂದ ಮೇಲೆ ನಮ್ಮ ಮನೆಯಲ್ಲಿ ಗೀಸರ್ ಸ್ವಿಚ್ಚಿಗೆ ಕಾವಲು ಕೂತಿದ್ದಾರೆ. 2022-23ರ ಸರಾಸರಿ ಬಳಕೆ, ಅದರ ಮೇಲೆ 10 ಪರ್ಸೆಂಟ್, ಅಷ್ಟೇ ಉಚಿತ. ಆಗ ನಾವು ಒಲೆಗೆ ಅಡಿಕೆ ಸಿಪ್ಪೆ ಹಾಕಿ ನೀರು ಕಾಯಿಸುತ್ತಿದ್ದೆವು, ಸರಾಸರಿ ಬಂದದ್ದೇ 60 ಯೂನಿಟ್ಟು. ಮಿತವ್ಯಯ ಮಾಡಿದ್ದಕ್ಕೆ ಶಿಕ್ಷೆ.

ಕೇಳುಗ (5:26)

ನಾವು 200 ದಾಟಿಸಿ ಪೂರ್ತಿ ಬಿಲ್ ಕಟ್ಟಿದವರು. ದಯವಿಟ್ಟು ಗಾಯದ ಮೇಲೆ ಉಪ್ಪು ಸುರಿಯಬೇಡಿ, ಅರ್ಥ್ ಗುಂಡಿಗೆ ಸುರಿಯಿರಿ.

ಮೀಟರ್_ಬೋರ್ಡ್ (5:45)

ಉಪ್ಪಿನ ಮಾತು ಬಂತು, ಹೇಳಿಬಿಡುತ್ತೇನೆ. ಉಪ್ಪು ಮೊದಲ ಎರಡು ವರ್ಷ ಚೆನ್ನಾಗಿ ಕೆಲಸ ಮಾಡುತ್ತದೆ. ಮಳೆಗೆ ಕರಗಿ ಹೋಗುತ್ತದೆ, ಜೊತೆಗೆ ಜಿಐ ಪೈಪನ್ನೂ ತಿನ್ನುತ್ತದೆ. ಹತ್ತು ಹದಿನೈದು ವರ್ಷ ಆದ ಗುಂಡಿಯನ್ನು ಅಗೆಸಿದಾಗ ಪೈಪು ಹಪ್ಪಳದ ಹಾಗೆ ಪುಡಿಯಾಗಿದ್ದನ್ನು ನೋಡಿದ್ದೇನೆ. ಮೇಲೆ ನೋಡಿದರೆ ಕಟ್ಟೆ, ಮುಚ್ಚಳ, ಬೋಲ್ಟು ಎಲ್ಲ ಶಿಸ್ತಾಗಿ ಇತ್ತು. ಈಗ ಬೆಂಟೋನೈಟ್ ಅನ್ನುವ ಜೇಡಿಯಂಥ ಪುಡಿ ಸಿಗುತ್ತದೆ, ನೀರು ಹಿಡಿದಿಟ್ಟುಕೊಳ್ಳುತ್ತದೆ. "ಕೆಮಿಕಲ್ ಅರ್ಥಿಂಗ್" ಅಂತ ಮಾರುವುದು ಬಹುಮಟ್ಟಿಗೆ ಇದನ್ನೇ.

ಅಳತೆ ಬೇಕಾದರೆ ಅರ್ಥಿಂಗ್‌ನ ಭಾರತೀಯ ಮಾನಕ ಐಎಸ್ 3043 ನೋಡಿ, 2018ರಲ್ಲಿ ಪರಿಷ್ಕರಣೆ ಆಗಿದೆ. ಪೈಪ್ ಆದರೆ ಕನಿಷ್ಠ 2.5 ಮೀಟರ್ ಉದ್ದ, ಜಿಐ ಆದರೆ ಒಳವ್ಯಾಸ 38 ಮಿಲಿಮೀಟರ್‌ಗೆ ಕಡಿಮೆ ಇರಬಾರದು. ಪ್ಲೇಟ್ ಆದರೆ 60 ಸೆಂಟಿಮೀಟರ್ ಚೌಕ, ತಾಮ್ರ 3.15 ಮಿಲಿಮೀಟರ್ ದಪ್ಪ, ಜಿಐ 6.3. ಮನೆಯ ಗೋಡೆಯಿಂದ ಒಂದೂವರೆ ಮೀಟರ್ ದೂರ. ಮನೆಗೆ ಜಿಐ ಪೈಪ್ ಧಾರಾಳ ಸಾಕು. ತಾಮ್ರದ ಪ್ಲೇಟ್ ಕೆಟ್ಟದ್ದಲ್ಲ, ಆದರೆ ಒಂದು ಪ್ಲೇಟಿನ ದುಡ್ಡಲ್ಲಿ ಎರಡು ಪೈಪ್ ಇಳಿಸಿ ಆರ್‌ಸಿಸಿಬಿಯನ್ನೂ ತರಬಹುದು. ಎರಡು ಪೈಪಿನ ನಡುವೆ ಐದು ಮೀಟರಾದರೂ ಅಂತರ ಬಿಡಿ. ಪಕ್ಕಪಕ್ಕ ಹಾಕಿದರೆ ಎರಡೂ ಅದೇ ಮಣ್ಣಿಗೆ ಕರೆಂಟು ತುಂಬುತ್ತವೆ, ಲಾಭ ಅಷ್ಟಕ್ಕಷ್ಟೇ.

ಧಾರವಾಡ_ಪೇಡೆ (5:58)

ಬೋರ್‌ವೆಲ್ ಕೇಸಿಂಗ್‌ಗೆ ಕೊಟ್ಟರೆ? 200 ಅಡಿ ಕೆಳಗೆ ಹೋಗಿರುತ್ತದೆ.

ಮೀಟರ್_ಬೋರ್ಡ್ (6:07)

ಕೇಸಿಂಗ್ ಅಷ್ಟು ಕೆಳಗೆ ಹೋಗುವುದಿಲ್ಲ, ಬಂಡೆ ಸಿಗುವವರೆಗೆ ಮಾತ್ರ. ಈಗ ಪಿವಿಸಿ ಕೇಸಿಂಗೂ ಹಾಕುತ್ತಾರೆ. ಅದಕ್ಕಿಂತ ಮುಖ್ಯ ಏನೆಂದರೆ ನೀರಿನ ಪೈಪಿನ ಕಥೆ ಮಧ್ಯಾಹ್ನವಷ್ಟೇ ಕೇಳಿದಿರಿ. ಬೇರೆ ಕೆಲಸಕ್ಕೆ ಇರುವ ವಸ್ತುವನ್ನು ನಂಬಿದರೆ, ಬೇರೆ ಕೆಲಸದವರು ಬಂದು ಅದನ್ನು ಬದಲಾಯಿಸುತ್ತಾರೆ.

ಲೀಡ್ಸ್_ಕನ್ನಡಿಗ (6:40)

ಬಾಂಡಿಂಗ್ ಬಗ್ಗೆ ನಾನು ಸ್ವಲ್ಪ ಹೇಳಬಹುದು, ಇಲ್ಲಿ ಮನೆ ಕೊಂಡಾಗ ಕಲಿತದ್ದು. ಇಲ್ಲಿ ನೀರಿನ ಪೈಪು, ಗ್ಯಾಸ್ ಪೈಪು ಲೋಹದ್ದಾದರೆ ಮನೆಯೊಳಗೆ ಬರುವ ಜಾಗದಲ್ಲೇ ಕ್ಲಾಂಪ್ ಹಾಕಿ ಮೇನ್ ಅರ್ಥ್ ಬಾರ್‌ಗೆ ದಪ್ಪ ಹಸಿರು-ಹಳದಿ ತಂತಿ ಎಳೆಯುತ್ತಾರೆ, ಸಾಮಾನ್ಯವಾಗಿ 10 ಚದರ ಮಿಲಿಮೀಟರ್. ಉದ್ದೇಶ ಕರೆಂಟನ್ನು ನೆಲಕ್ಕೆ ಇಳಿಸುವುದಲ್ಲ. ನೀರು ಇಳಿಜಾರಿದ್ದರೆ ತಾನೇ ಹರಿಯುವುದು? ಹಾಗೆಯೇ ಒಂದು ಕೈಗೂ ಇನ್ನೊಂದು ಕೈಗೂ ನಡುವೆ ವೋಲ್ಟೇಜ್ ವ್ಯತ್ಯಾಸ ಇಲ್ಲದಿದ್ದರೆ ಮೈಯೊಳಗೆ ಕರೆಂಟು ಹರಿಯುವುದಿಲ್ಲ. ಕೈಗೆ ಎಟುಕುವ ಲೋಹವೆಲ್ಲ ಒಂದೇ ಮಟ್ಟದಲ್ಲಿರಲಿ ಅಂತ ಕಟ್ಟಿಹಾಕುವುದು, ಅಷ್ಟೇ.

ತಂತಿಪುರಾಣ (7:05)

ಚೆನ್ನಾಗಿ ಹೇಳಿದಿರಿ. ನಮ್ಮಲ್ಲಿ ಈಗಿನ ಮನೆಗಳಿಗೆ ಸಿಪಿವಿಸಿ ಪೈಪ್ ಬಂದಿರುವುದರಿಂದ ಅರ್ಧ ತಲೆನೋವು ತಾನಾಗಿಯೇ ಹೋಗಿದೆ. ಗೋಡೆಯೊಳಗೆ ಪ್ಲಾಸ್ಟಿಕ್ ಪೈಪು, ತುದಿಗೆ ಒಂದು ಸ್ಟೀಲ್ ನಲ್ಲಿ ಇದ್ದರೆ ಆ ನಲ್ಲಿಗೆ ಬಾಂಡಿಂಗ್ ಬೇಡ. ಸುಮ್ನೆ ಎಲ್ಲ ಸ್ಟೀಲಿಗೂ ತಂತಿ ಕಟ್ಟುವುದು ಇನ್ನೊಂದು ಹುಚ್ಚು. ಆದರೆ ಇವರ ಮನೆಯೊಳಗೆ ಜಿಐ ಇನ್ನೂ ಇದೆ. ಅದನ್ನು ಉಳಿಸಿಕೊಳ್ಳುವುದಾದರೆ ಸರಿಯಾದ ಕ್ಲಾಂಪ್ ಹಾಕಿ, 6 ಚದರ ಮಿಲಿಮೀಟರ್ ತಾಮ್ರದಲ್ಲಿ ಮೇನ್ ಅರ್ಥ್ ಬಾರ್‌ಗೆ ಕಟ್ಟಿ. ನಾಲ್ಕು ಸುತ್ತು ಸುತ್ತಿ ಸುಣ್ಣ ಬಳಿಯುವುದಲ್ಲ.

ತಾರಸಿ ಮೇಲೆ ಸೋಲಾರ್ ನೀರಿನ ತೊಟ್ಟಿ ಇದೆಯಾ? ಮೈಸೂರಿನಲ್ಲಿ ಬಹಳ ಮನೆಗಳಲ್ಲಿ ಇರುತ್ತದೆ. ಅದರಲ್ಲಿ ಮೋಡದ ದಿನಕ್ಕೆ ಅಂತ ಕರೆಂಟ್ ಕಾಯಿಲ್ ಇರುತ್ತದೆ. ಬಹಳ ಕಡೆ ಅದಕ್ಕೆ ಎರಡೇ ತಂತಿ ಎಳೆದಿರುತ್ತಾರೆ, ಅರ್ಥ್ ಇರುವುದಿಲ್ಲ. ಬಚ್ಚಲಿನ ಗೀಸರನ್ನು ನೋಡುವವರು ತಾರಸಿ ಮೇಲಿನ ಗೀಸರನ್ನು ಮರೆಯುತ್ತಾರೆ.

ಇನ್ನು ಒಳಗಿನ ಅರ್ಥ್ ತಂತಿ. ಎಲ್ಲ ಪಾಯಿಂಟಿಗೂ ಬೇಕು, ಲೈಟಿಗೂ ಬೇಕು. ನಾಳೆ ಅಲ್ಲೇ ಲೋಹದ ಫ್ಯಾನು, ಲೋಹದ ದೀಪ ಬರುತ್ತದೆ. ನಮ್ಮವರು 2.5 ಚದರ ಮಿಲಿಮೀಟರ್‌ನ ಫೇಸ್ ಎಳೆದು ಅರ್ಥ್‌ಗೆ 1 ಎಳೆಯುತ್ತಾರೆ, ಉಳಿತಾಯ ಅಂತ. ಕೋಷ್ಟಕದ ಪ್ರಕಾರ 16 ಚದರ ಮಿಲಿಮೀಟರ್‌ವರೆಗೆ ಫೇಸ್ ಎಷ್ಟೋ ಅರ್ಥ್ ಅಷ್ಟು. ಗುಂಡಿಯಿಂದ ಬೋರ್ಡಿಗೆ 8 ಗೇಜ್ ತಾಮ್ರ.

ಕೇಳುಗ (7:20)

ಬಾಡಿಗೆ ಮನೆಯವರ ಕಷ್ಟವೂ ಕೇಳಿ. ನಮ್ಮ ಮನೆಯಲ್ಲಿ ಮೂರು ಪಿನ್ ಸಾಕೆಟ್ ಇದೆ, ಚೆಂದಕ್ಕೆ. ಒಳಗೆ ಅರ್ಥ್ ತೂತಿಗೆ ತಂತಿಯೇ ಇಲ್ಲ. ಲ್ಯಾಪ್‌ಟಾಪ್ ಮೇಲೆ ಕೈ ಸವರಿದರೆ ಇರುವೆ ಹರಿದಂತೆ ಆಗುತ್ತದೆ. ಮಾಲೀಕರಿಗೆ ಹೇಳಿದರೆ, "ಮೂರನೇ ಪಿನ್ ಮುರಿದುಹಾಕಿ, ಸರಿಹೋಗುತ್ತದೆ" ಅಂದರು.

ನಿಧಾನ (7:34)

ಇರುವೆ ಹರಿದಂತೆ ಆಗುವುದು ಚಾರ್ಜರ್ ಒಳಗಿನ ಫಿಲ್ಟರ್ ಕೆಪಾಸಿಟರ್‌ನಿಂದ. ಫೇಸ್, ನ್ಯೂಟ್ರಲ್ ಎರಡರಿಂದಲೂ ಅರ್ಥ್‌ಗೆ ಒಂದೊಂದು ಇರುತ್ತದೆ. ಅರ್ಥ್ ಇಲ್ಲದಿದ್ದರೆ ಮೈ ನಡುವಿನ ವೋಲ್ಟೇಜಿನಲ್ಲಿ, ಅಂದರೆ ಸುಮಾರು 115ರಲ್ಲಿ ತೇಲುತ್ತದೆ. ಹರಿಯುವ ಕರೆಂಟು ತೀರಾ ಕಡಿಮೆ, ಅದರಿಂದ ಪ್ರಾಣಾಪಾಯ ಇಲ್ಲ. ಆದರೆ ಆ ಮನೆಯಲ್ಲಿ ಅರ್ಥ್ ಇಲ್ಲ ಅನ್ನುವುದಕ್ಕೆ ಅದೇ ಸಾಕ್ಷಿ.

ಹಳೇಮನೆ_ಮೈಸೂರು (ಮೂರು ವಾರದ ನಂತರ, ಭಾನುವಾರ 10:15)

ಕೆಲಸ ಮುಗಿಯಿತು, ಬಂದು ಹೇಳಬೇಕು ಅನಿಸಿತು.

ನಾಲ್ಕನೆಯವರೊಬ್ಬರು ಸಿಕ್ಕಿದರು. ಬಂದವರೇ ಅರ್ಥ್ ಟೆಸ್ಟರ್, ಇನ್ಸುಲೇಷನ್ ಅಳೆಯುವ ಮೆಗ್ಗರ್ ಎರಡೂ ಚೀಲದಿಂದ ತೆಗೆದರು. ಅವತ್ತೇ ಒಪ್ಪಿಕೊಂಡೆ. ಮೊದಲಿನ ಮೂವರ ಹತ್ತಿರ ಇದ್ದದ್ದು ಜೇಬಿನ ಟೆಸ್ಟರ್ ಮಾತ್ರ. ಗೀಸರ್ ಕಾಯಿಲ್‌ನ ಇನ್ಸುಲೇಷನ್ ಅಳೆದರು, ಬರೀ 0.04 ಮೆಗಾಓಮ್, ಅಂದರೆ ಸೋರುತ್ತಿತ್ತು. ಹನ್ನೊಂದು ವರ್ಷದ ಗೀಸರ್, ಗುಜರಿಗೆ ಹೋಯಿತು. ಮುಂದೊಂದು, ಹಿತ್ತಲಲ್ಲೊಂದು ಜಿಐ ಪೈಪ್, ಬೆಂಟೋನೈಟ್ ಹಾಕಿ ಇಳಿಸಿದರು. ಒಂದೇ ಪೈಪಿಗೆ 7 ಓಮ್ ಇತ್ತು, ಎರಡೂ ಸೇರಿಸಿದ ಮೇಲೆ 4. ಒಳಗಿನ ಜಿಐ ಪೈಪಿಗೆ ಕ್ಲಾಂಪ್ ಹಾಕಿದರು. ಸೋಲಾರ್ ತೊಟ್ಟಿಗೆ ಎರಡೇ ತಂತಿ ಇತ್ತು, ತಂತಿಪುರಾಣ ಅವರು ಹೇಳಿದ ಹಾಗೇ! ಈಗ ಮೂರು. ಮೇಲೊಂದು ಕೆಳಗೊಂದು ಆರ್‌ಸಿಸಿಬಿ.

ಒಂದೇ ತೊಂದರೆ. ದಿನಾ ಸಂಜೆ ಆರೂವರೆಗೆ ಸರಿಯಾಗಿ ಎರಡೂ ಆರ್‌ಸಿಸಿಬಿ ಒಟ್ಟಿಗೆ ಬೀಳುತ್ತವೆ. ಗಡಿಯಾರ ಇಟ್ಟ ಹಾಗೆ. ಇದೇನು?

ತಂತಿಪುರಾಣ (10:28)

ಆರೂವರೆಗೆ ಅಮ್ಮ ಯಾವ ಲೈಟ್ ಹಾಕುತ್ತಾರೆ?

ಹಳೇಮನೆ_ಮೈಸೂರು (10:33)

ದೇವರ ಮನೆದು, ಅಂಗಳದ್ದು, ಮೆಟ್ಟಿಲಿನದ್ದು.

ತಂತಿಪುರಾಣ (10:36)

ಮೆಟ್ಟಿಲಿನದ್ದೇ. ಎರಡು ಕಡೆ ಸ್ವಿಚ್ ಇರುವ ಲೈಟು, ಅಲ್ವಾ? ಫೇಸನ್ನು ಕೆಳಗಿನ ಬೋರ್ಡಿನಿಂದ ತಂದು ನ್ಯೂಟ್ರಲ್ಲನ್ನು ಮೇಲಿನದ್ದಕ್ಕೆ ಸೇರಿಸಿದ್ದಾರೆ. ಕೆಳಗಿನ ಪೆಟ್ಟಿಗೆಯಿಂದ ಹೋದದ್ದು ವಾಪಸ್ ಬರಲಿಲ್ಲ, ಮೇಲಿನದ್ದಕ್ಕೆ ಅದು ಕಳಿಸದೇ ಇದ್ದದ್ದು ಬಂತು. ಎರಡೂ ಬಿದ್ದವು. ಅದೊಂದು ತಂತಿ ಬದಲಾಯಿಸಿ ಕೊಡಲು ಹೇಳಿ, ಹತ್ತು ನಿಮಿಷದ ಕೆಲಸ.

ಧಾರವಾಡ_ಪೇಡೆ (10:50)

ನನ್ನದೂ ನೋಡಿಸಿದೆ. ಯುಪಿಎಸ್ ನ್ಯೂಟ್ರಲ್ಲೇ. ಪೆಟ್ಟಿಗೆ ವಾಪಸ್ ಗೋಡೆಗೆ ಬಂದಿದೆ. ಈಗ ಮಿಕ್ಸಿಗೆ ಬೀಳುತ್ತಿಲ್ಲ, ಗುಡುಗಿಗೆ ಇನ್ನೂ ನೋಡಬೇಕು.

ಹಳೇಮನೆ_ಮೈಸೂರು (ಸೋಮವಾರ, ರಾತ್ರಿ 8:02)

ಮೆಟ್ಟಿಲಿನದ್ದೇ ಆಗಿತ್ತು. ಸರಿಯಾಯಿತು.

ಹಿತ್ತಲಿನ ಗುಂಡಿ ತೋಡುವಾಗ ಕರಿಬೇವಿನ ಗಿಡದ ಒಂದು ಬೇರು ಕಡಿದುಹೋಯಿತು ಅಂತ ಅಮ್ಮನಿಗೆ ಬೇಜಾರು. ಗುಂಡಿಗೆ ಆಗಾಗ ನೀರು ಹಾಕಬೇಕು ಅಂತ ಎಲೆಕ್ಟ್ರಿಷಿಯನ್ ಹೇಳಿದ್ದರು, ಈಗ ಅಕ್ಕಿ ತೊಳೆದ ನೀರನ್ನು ಅರ್ಧ ಗಿಡಕ್ಕೆ, ಅರ್ಧ ಅರ್ಥ್‌ಗೆ ಹಾಕುತ್ತಿದ್ದಾರೆ. ಪರವಾಗಿಲ್ಲವಾ?

ಮೀಟರ್_ಬೋರ್ಡ್ (8:11)

ಪರವಾಗಿಲ್ಲ. ಗಂಜಿ ಬಸಿದದ್ದು ಮಾತ್ರ ಬೇಡ, ಇಲಿ ಬರುತ್ತವೆ.